ಎದುರು ಕುರ್ಚಿಯ ಸರದಿ

ಮಧ್ಯಾಹ್ನ ಎರಡೂವರೆಗೆ, ನಾನೊಬ್ಬನೇ ಆಡುತ್ತಿದ್ದ ಆಟದ ಚಿತ್ರ ಎದುರಿನ ಖಾಲಿ ಕುರ್ಚಿಯತ್ತ ತಿರುಗಿತು.

ಒಸಾಕಾದ ಆ ಕಾಫಿ ಅಂಗಡಿಯಲ್ಲಿ ಮೇಜಿನ ಗಾಜಿನಡಿಯೇ ಆಟದ ಪರದೆಯಿತ್ತು. ಮೇಲಿನಿಂದ ಇಳಿಯುವ ಶತ್ರುಗಳಿಗೆ ಗುಂಡು ಹೊಡೆಯಬೇಕು. ಇಬ್ಬರು ಆಡುವಾಗ ಒಬ್ಬರ ನೌಕೆ ಸಿಡಿದರೆ ಚಿತ್ರ ತಲೆಕೆಳಗಾಗಿ ಎದುರಿನವರ ಕಡೆಗೆ ತಿರುಗುತ್ತದೆ. ನಾನೂ ಹೆಂಡತಿ ಫುಮಿಯೆಯೂ ಮೂವತ್ತು ವರ್ಷ ಹಾಗೆ ಆಡಿದ್ದೆವು. ಸ್ವಿಚ್ ಆರಿಸಿದರೆ ಅಂಕಗಳು ಅಳಿಸಿಹೋಗುತ್ತವೆ. ಮಾರ್ಚ್‌ನಲ್ಲಿ ಅವಳು ತೀರಿಕೊಂಡ ಮೇಲೆ ಅಂಗಡಿಯ ಒಡತಿ ತೊಕುಯೆ ಅದನ್ನು ಆರಿಸಿಯೇ ಇರಲಿಲ್ಲ. ಫುಮಿಯೆಯ ಕೊನೆಯ ಅಂಕ ಪರದೆಯ ತುದಿಯಲ್ಲಿ ಹಾಗೇ ಉಳಿದಿತ್ತು. ಅಂಗಡಿ ಮುಚ್ಚುತ್ತಿದ್ದುದರಿಂದ ಆ ದಿನ ಮೇಜನ್ನು ಒಯ್ಯುವವರಿದ್ದರು.

"ಇಬ್ಬರು ಅಂತ ಒತ್ತಿದ್ರಾ, ಹಮನಾಕಾ ಸಾನ್?" ತೊಕುಯೆ ಕೇಳಿದಳು.

"ಇಲ್ಲಮ್ಮ, ಒಬ್ಬನೇ ಅಂತಲೇ ಒತ್ತಿದ್ದು."

ಎದುರಿನ ಗುಂಡಿ ಟಕಟಕ ಎನ್ನುತ್ತಿತ್ತು. ಮೂರು ಹೊಡೆತ, ಒಂದು ಬಿಡುವು. ಫುಮಿಯೆ ಹೊಡೆಯುತ್ತಿದ್ದುದೂ ಹಾಗೆಯೇ. ನನ್ನ ಕಡೆಯ ಗಾಜು ಎಂದಿನಂತೆ ಬೆಚ್ಚಗಿತ್ತು, ಆ ಕಡೆಯದು ಮುಟ್ಟಿದರೆ ಬೆರಳು ಮರಗಟ್ಟುವಷ್ಟು ತಣ್ಣಗಿತ್ತು.

"ಒಯ್ಯೋರು ಬಂದಿದಾರೆ," ತೊಕುಯೆ ಧ್ವನಿ ತಗ್ಗಿಸಿದಳು. "ಏನು ಹೇಳ್ಲಿ?"

"ಅವಳು ಆಡ್ತಿದಾಳೆ ಅನ್ನಿ. ಅರ್ಧಕ್ಕೆ ಎಬ್ಬಿಸಿದ್ರೆ ಬೈಸ್ಕೊಳ್ಳೋನು ನಾನು."

ಬಂದ ಇಬ್ಬರೂ ಟೋಪಿ ತೆಗೆದು ಬಾಗಿಲ ಬಳಿ ನಿಂತರು. ನಲವತ್ತು ನಿಮಿಷ ಕಾದರು. ಆಮೇಲೆ ನನ್ನ ಕ್ಷಮೆ ಕೇಳಿ, ಗೋಡೆಯಿಂದ ತಂತಿ ಕಿತ್ತರು.

ಅಲ್ಲಿಯವರೆಗೂ ನನ್ನ ಸರದಿ ಬಂದಿರಲಿಲ್ಲ.