ಬರ್ಫ ಒಯ್ಯುವವನಿಗೆ ಹೇಳದ ಮಾತು

ಹನ್ನೊಂದನೆಯ ದಿನವೂ ಅವನು ಬಂದ!

ಮಟಮಟ ಮಧ್ಯಾಹ್ನ. ೧೯೭೪ರ ಏಪ್ರಿಲ್ ತಿಂಗಳು. ರಾಮದುರ್ಗದ ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಬರ್ಫದ ಕಾರ್ಖಾನೆಯ ಬಾಗಿಲಲ್ಲಿ ಅವನ ನೆರಳು ಬಿದ್ದಕೂಡಲೇ ಬರ್ಫ ಮಾರುವ ಕೃಷ್ಣವ್ವ ಎದ್ದು ನಿಂತಳು.

"ಒಂದು ಗಡ್ಡಿ ಬರ್ಫ ಕೊಡ್ರಿ."

ಹತ್ತು ದಿನವೂ ಇದೇ ಮಾತು. ಅವಳು ಕೊಕ್ಕೆ ಹಾಕಿ ಮಂಜುಗಡ್ಡೆ ಎಳೆದಳು. ಕಟ್ಟಿಗೆಯ ಹೊಟ್ಟು ಸುರಿದು ಗೋಣಿಚೀಲದಲ್ಲಿ ಸುತ್ತಿ ಕೊಟ್ಟಳು. ಅವನು ಹೆಗಲಿಗೇರಿಸಿ ತುಸು ಹೊತ್ತು ನಿಂತ... ಏನೋ ಕೇಳಬೇಕು ಅನ್ನುವಂತೆ ಅವಳನ್ನೇ ನೋಡಿದ.

ಆ ಕಣ್ಣು! ಆ ಕಣ್ಣಿಗೆ ಅವಳು ಎಂದೋ ಸೋತಿದ್ದಳು. ಆದರೂ ತುಟಿ ಬಿಚ್ಚಲಿಲ್ಲ. ಅವನು ತಲೆ ತಗ್ಗಿಸಿ ಹೋದ.

ಯಾಕೆ ಅಂತ ಕೇಳುತ್ತೀರಾ? ಹೇಳುತ್ತೇನೆ, ಮೈ ಜುಮ್ಮೆಂದರೆ ನನ್ನನ್ನು ಬೈಯಬೇಡಿ.

ಬೇಸಿಗೆಯಲ್ಲಿ ಬರ್ಫ ಹೋದರೆ ಶರಬತ್ತಿನ ಗಾಡಿಗೆ ಹೋಗಬೇಕು, ಇಲ್ಲವೇ ಸತ್ತವರ ಮನೆಗೆ. ದೂರದ ಮಕ್ಕಳು ಬರುವವರೆಗೆ ಹೆಣ ಕಾಯಬೇಕಲ್ಲ! ಅಂಥವರಿಗೆ ಬರ್ಫ ಕೊಟ್ಟು 'ಹೋಗಿ ಬರ್ರಿ' ಅನ್ನಬಾರದು. ಅಂದರೆ ಆ ಮನೆಗೆ ಇನ್ನೊಂದು ಸಾವನ್ನು ಕರೆದಂತೆ. ಕಾರ್ಖಾನೆಯ ಇಂಜಿನ್ ನೋಡಿಕೊಳ್ಳುವ ಅವಳ ಅಪ್ಪ ಶಂಕ್ರೆಪ್ಪ ಮೊದಲ ದಿನವೇ ಇದನ್ನು ಕಲಿಸಿದ್ದ.

ದಿನಾ ಬರ್ಫ ಒಯ್ಯುವ ಈ ಲಗಮಣ್ಣ ಬಾಡಿಗೆಯ ಕಾರು ಓಡಿಸುವವನು. ಹೋದ ವರ್ಷ ತಾಯಿ ಕೆಂಪವ್ವ ತೀರಿಕೊಂಡಾಗ, ಪುಣೆಯ ಅಕ್ಕ ಬರುವವರೆಗೆ ಎರಡು ದಿನ ಬರ್ಫ ಒಯ್ದಿದ್ದ. ಅವನು ಅಳದೆ ನಿಂತದ್ದನ್ನು ಕಂಡು ಕೃಷ್ಣವ್ವನೇ ಒಳಗೆ ಹೋಗಿ ಅತ್ತಿದ್ದಳು. ಪ್ರೀತಿಗೆ ಹೊತ್ತುಗೊತ್ತು ಇದೆಯೇನು? ಬರ್ಫದ ಮೇಲೂ ಹುಟ್ಟುತ್ತದೆ!

ಆಗ ಎರಡು ದಿನ, ಸರಿ. ಈಗ ಹನ್ನೊಂದು ದಿನ... ಯಾರಿಗೆ?

"ಅವರವ್ವನ ಮಣ್ಣು ಸುರೇಬಾನದಾಗ ಆತು ಅಂತಾರ. ನೋಡಿದವರು ಯಾರವ್ವಾ?" ನೆರೆಮನೆಯ ಶೆಟ್ಟೆವ್ವ ಎಲೆ ಅಡಿಕೆ ಜಗಿಯುತ್ತ ದನಿ ಇಳಿಸಿದಳು. "ಅವನ ಕಾರಿನ ಶೆಡ್ಡಿನ ಕಿಂಡಿಯಾಗ ನೋಡೇನಿ. ಉದ್ದಕ ಏನೋ ಮಲಗಿಸ್ಯಾನ. ಇಳಕಲ್ ಸೀರಿ ಸೆರಗು ಕಾಣತೈತಿ. ಅದರ ಜೋಡಿ ಮಾತಾಡತಾನ! 'ಉಸಿರು ಬಿಡಬ್ಯಾಡ ಅವ್ವಾ, ಒಂದ ಏರು ಐತಿ' ಅಂತಾನ!"

"ಅಯ್ಯ ಶಿವನ! ಸುಮ್ಮನಿರ ಚಿಗವ್ವಾ!"

ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರುವುದು? ಆದರೆ ಕೃಷ್ಣವ್ವನಿಗೆ ಇವತ್ತು ಸುಮ್ಮನಿರಲು ಬರುವಂತಿರಲಿಲ್ಲ. ಬೆಳಿಗ್ಗೆಯೇ ಅಪ್ಪ ಹೇಳಿದ್ದ, "ಸಂಜೀಕ ಕಿತ್ತೂರಿನವರು ನಿನ್ನ ನೋಡಾಕ ಬರತಾರ. ಹೂಂ ಅಂತಿಯೋ ಊಹೂಂ ಅಂತಿಯೋ, ಇವತ್ತ ಹೇಳಬೇಕು."

ಅವನು ಮನುಷ್ಯನೋ, ಹುಚ್ಚನೋ? ತಿಳಿಯದೆ ನಾನು ಯಾವ ಬಾಯಿಂದ ಊಹೂಂ ಅನ್ನಲಿ...?

ಕೊಕ್ಕೆ ಕೈಯಲ್ಲೇ ಹಿಡಿದು ಅವಳು ಹೊರಟೇಬಿಟ್ಟಳು.

ಶೆಡ್ಡಿನ ಬಾಗಿಲ ಕೆಳಗಿನಿಂದ ನೀರು ಹರಿಯುತ್ತಿತ್ತು. ಕಾದ ಮಣ್ಣಿನ ಮೇಲೆ ಬರಿಗಾಲು ಸುಡುತ್ತಿದ್ದರೂ ಆ ನೀರು ಮಾತ್ರ ತಣ್ಣಗೆ ಕೊರೆಯಿತು.

ಒಳಗಿನಿಂದ ಸದ್ದು ಬಂತು.

ಹುಸ್ಸ್... ಹುಸ್ಸ್...

ಯಾರೋ ಉಸಿರಾಡುತ್ತಿದ್ದರು. ನಿಧಾನಕ್ಕೆ, ಕಷ್ಟಪಟ್ಟು, ಮುದುಕಿಯರು ಏರು ಹತ್ತುವಾಗ ಬಿಡುವಂಥ ಉಸಿರು!

ಬಾಗಿಲು ದೂಡಿದಳು. ಕತ್ತಲು. ಕರೀ ಕಾರಿನ ಮುಂದೆ ಹಲಗೆಯ ಮೇಲೆ ಆಳುದ್ದದ ಏನೋ ಮಲಗಿತ್ತು. ಮೇಲೆ ಹಳೆಯ ಸೀರೆಗಳಿಂದ ಹೊಲಿದ ಕೌದಿ. ಕೌದಿಯ ಅಂಚಿನಲ್ಲಿ ಇಳಕಲ್ ಸೆರಗಿನ ಕೆಂಪು. ಉಸಿರು ಆ ಕೌದಿಯ ಒಳಗಿನಿಂದಲೇ ಬರುತ್ತಿತ್ತು. ಬಿಳಿ ಹಬೆ ಅಂಚಿನಿಂದ ಹೊರಬಿದ್ದು ಅವಳ ಕಾಲಿಗೆ ಸುತ್ತಿಕೊಂಡಿತು.

ಕೃಷ್ಣವ್ವನ ಕೈಯಿಂದ ಕೊಕ್ಕೆ ಜಾರಿ ಠಣ್ಣೆಂದು ಬಿತ್ತು.

ಉಸಿರು ನಿಂತಿತು!

"ಯಾರದು?"

ಹಲಗೆಯ ಆಚೆಯಿಂದ ಲಗಮಣ್ಣ ಎದ್ದ. ಮೈತುಂಬ ಬೆವರು. ಕೈಯಲ್ಲಿ ಗಾಳಿ ಒತ್ತುವ ಕಮ್ಮಾರರ ತಿದಿ.

"ಯಾರನ್ನ ಮಲಗಿಸೀರಿ?" ಅವಳು ಒಂದು ಹೆಜ್ಜೆ ಮುಂದಿಟ್ಟಳು. "ಖರೇ ಹೇಳ್ರಿ... ಕೌದಿ ಒಳಗ ಯಾರದಾರ?"

ಅವನು ಬೆರಗಾಗಿ ನೋಡಿದ. ಆಮೇಲೆ ಅರ್ಥವಾಯಿತು. ಮೆಲ್ಲಗೆ ಕೌದಿ ಸರಿಸಿದ.

ಉದ್ದನೆಯ ತಗಡಿನ ಪೆಟ್ಟಿಗೆ! ಒಳಗೆ ಅವಳೇ ಕೊಟ್ಟ ಬರ್ಫದ ಚೂರು. ನಡುವೆ ಸುರುಳಿ ಸುತ್ತಿದ ತಾಮ್ರದ ಕೊಳವೆ. ಒಂದು ತುದಿ ಹುಸ್ಸೆನ್ನುವ ಆ ತಿದಿಗೆ ಜೋಡಿಸಿತ್ತು, ಇನ್ನೊಂದು ತುದಿಯಿಂದ ರಬ್ಬರ್ ಪೈಪು ಕಾರಿನ ಇಂಜಿನ್ನಿಗೆ ಹೋಗಿತ್ತು.

"ಇಂಜಿನ್‌ಗೆ ತಣ್ಣನ ಗಾಳಿ ಕುಡಸಾಕ ಮಾಡೇನ್ರಿ," ಅವನು ಕೊಳವೆ ಮುಟ್ಟಿ ತೋರಿಸಿದ. "ಬಿಸಿಲಾಗ ಬಿಸಿ ಗಾಳಿ ಎಳಕೊಂಡ್ರ ಅದಕ್ಕ ದಮ್ಮು ಇರೂದಿಲ್ಲ. ಹೋದ ವರ್ಷ ಅವ್ವನ್ನ ಧಾರವಾಡದ ದವಾಖಾನಿಗೆ ಒಯ್ಯಾಕ ಹತ್ತಿದ್ದೆ. ಸವದತ್ತಿ ಏರಿನಾಗ, ಇದ ಹೊತ್ತಿನ್ಯಾಗ, ಗಾಡಿ ನಿಂತಬಿಡ್ತು. ಹಿಂದಿನ ಸೀಟಿನ್ಯಾಗ ಅವ್ವ... ಒಂದು ಮಾತು ಹೇಳದ ಹೋದ್ಲು. ಅವತ್ತಿಂದ ಮಧ್ಯಾಹ್ನ ಆ ಏರಿನ ತಿರುವಿಗೆ ಬಂದ್ರ ಹಿಂದ ಉಸಿರು ಕೇಳತೈತಿ. ಗಾಡಿ ಅಲ್ಲೇ ನಿಲ್ಲತೈತಿ. ಒಮ್ಮೆರೆ ನಿಲ್ಲದ ಏರಿಸಬೇಕು, ಅವ್ವನ್ನ ಆಚಿ ಮುಟ್ಟಿಸಬೇಕು!"

"ಆ ಕೌದಿ...?"

"ಅವ್ವನ ಸೀರಿದು. ಬರ್ಫ ಲಗೂನ ಕರಗಬಾರದಂತ ಹೊಚ್ಚೇನಿ. ಆದ್ರ ಗಾಳಿ ಬೇಕಾದಷ್ಟು ತಣ್ಣಗ ಆಗವಲ್ದು. ಹನ್ನೊಂದು ದಿನ ಆತು, ಸೋತೇನ್ರಿ."

ಕೃಷ್ಣವ್ವನ ಕಣ್ಣು ತುಂಬಿತು. ಅಯ್ಯೋ, ಈ ಜೀವವನ್ನು ನಾನು ಏನಂದುಕೊಂಡೆ!

ಮರುಗಳಿಗೆಯೇ ಕಣ್ಣೊರೆಸಿ, ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಬರೇ ಬರ್ಫ ಹಾಕಿದ್ರ ಏನಾಗತೈತಿ ನಿಮ್ಮ ತಲಿ! ಉಪ್ಪು ಹಾಕ್ರಿ. ನಮ್ಮ ಬರ್ಫ ಮಾಡೂ ಹೌದಿನ್ಯಾಗ ಉಪ್ಪುನೀರು ಯಾಕಿರತೈತಿ? ಬರ್ಫಿಗೆ ಉಪ್ಪು ಬಿದ್ರ ಕೈ ಇಡಾಕ ಆಗೂದಿಲ್ಲ, ಹಂಗ ತಣ್ಣಗ ಆಗತೈತಿ!"

ಓಡಿಹೋಗಿ ಕಾರ್ಖಾನೆಯಿಂದ ಉಪ್ಪಿನ ಚೀಲವನ್ನೇ ಹೊತ್ತು ತಂದಳು. ಉಪ್ಪು ಬಿದ್ದ ಸ್ವಲ್ಪ ಹೊತ್ತಿಗೆ ಕೊಳವೆಯ ಮೇಲೆ ಬಿಳಿ ಮಂಜು ಕೂತಿತು. ತಿದಿ ಒತ್ತಿದಾಗ ಬಂದ ಗಾಳಿಗೆ ಇಬ್ಬರ ಮೈಯೂ ನಡುಗಿತು.

ಲಗಮಣ್ಣ ಪೆಟ್ಟಿಗೆಯನ್ನು ಕಾರಿನ ಮೂತಿಯ ಮೇಲೆ ಅಡ್ಡಲಾಗಿ ಬಿಗಿದು, ಇನ್ನು ಇಂಜಿನ್ನೇ ಗಾಳಿ ಎಳೆಯುತ್ತದೆಂದು ತಿದಿ ಬಿಚ್ಚಿಟ್ಟು, ಕೌದಿ ಹೊಚ್ಚಿ ಕಾರು ಚಾಲೂ ಮಾಡಿದ. "ಒಂದು ಮಾತು ಕೇಳ್ಲ್ಯಾ? ಎಲ್ಲಾರಿಗೂ 'ಹೋಗಿ ಬರ್ರಿ' ಅಂತೀರಿ. ನನಗ ಮಾತ್ರ ಒಂದಿನಾನೂ ಅನಲಿಲ್ಲ. ನಾ ಅಷ್ಟು ಬ್ಯಾಡಾಗೇನೇನು?"

"ಬ್ಯಾಡಾಗಿಲ್ರಿ! ನಿಮ್ಮ ಮನ್ಯಾಗ ಮತ್ತ ಸಾವು ಬರಬಾರದಂತ ಬಾಯಿ ಕಟ್ಟಿಕೊಂಡಿದ್ದೆ," ಬಿಕ್ಕಿದಳು. "ಸಂಜೀಕ ಕಿತ್ತೂರಿನವರು ನನ್ನ ಕೇಳಾಕ ಬರತಾರ. ಅದರೊಳಗ... ಹೋಗಿ ಬರ್ರಿ ಲಗಮಣ್ಣ. ಹೋಗಿ ಬರ್ರಿ!"

ಕಾರು ಸವದತ್ತಿ ಏರಿನ ಕಡೆಗೆ ಧೂಳೆಬ್ಬಿಸಿ ಹೋಯಿತು. ಆಗ ಅವಳ ಕಣ್ಣಿಗೆ ಬಿತ್ತು... ಖಾಲಿ ಹಿಂದಿನ ಸೀಟು, ಯಾರೋ ಕೂತಂತೆ ಒಂದು ಕಡೆ ತಗ್ಗಿತ್ತು.

ಸಂಜೆಯಾಯಿತು. ಕಿತ್ತೂರಿನವರು ಚಹಾ ಕುಡಿದರು, ಅವಲಕ್ಕಿ ತಿಂದರು. ಲಗಮಣ್ಣನ ಸುಳಿವಿಲ್ಲ. ನಾನೇ ಬಾಯಿಬಿಟ್ಟು ಕೆಡಿಸಿದೆನೇ? ಆ ಮಾತು ಆಡಬಾರದಿತ್ತೇ...? ಅವಳು ಮತ್ತೆ ಬಾಗಿಲಿನ ಕಡೆ ನೋಡಿದಳು.

"ಏನಂತಿ ಕೃಷ್ಣವ್ವಾ?" ಅಪ್ಪ ಕೇಳಿದ.

ಎಲ್ಲರ ಕಣ್ಣು ಅವಳ ಮೇಲೆ. "ಊಹೂಂ ಅಪ್ಪಾ," ಅಂದಳು. ಅವನು ಬರಲಿ, ಬಾರದಿರಲಿ, ಅವಳಿಗೆ ಬೇರೆ ಉತ್ತರ ಇರಲಿಲ್ಲ.

ಕಿತ್ತೂರಿನವರು ಮುಖ ಗಂಟು ಹಾಕಿಕೊಂಡು ಎದ್ದುಹೋದರು. ಶಂಕ್ರೆಪ್ಪ ಬಾಯಿ ತೆಗೆಯಬೇಕು, ಅಷ್ಟರಲ್ಲಿ ಬಾಗಿಲಲ್ಲಿ ಹಾರ್ನ್ ಕೂಗಿತು!

ತಲೆಯಿಂದ ಕಾಲವರೆಗೆ ಕೆಂಧೂಳಾಗಿ ಲಗಮಣ್ಣ ನಿಂತಿದ್ದ.

"ಹೊತ್ತು ಮುಳುಗಿತು, ಬರ್ಫ ಇಲ್ಲೋ ಮಾರಾಯಾ," ಅಂದ ಶಂಕ್ರೆಪ್ಪ.

"ಬರ್ಫ ಬ್ಯಾಡ್ರಿ ಮಾವಾರ... ಬರ್ಫ ಕೊಡೂ ಆಕಿನ್ನ ಕೊಡ್ರಿ."

ಶಂಕ್ರೆಪ್ಪ ಮಗಳನ್ನು ನೋಡಿದ, ಅವಳ ಸೆರಗಿಗೆ ಮೆತ್ತಿದ ಉಪ್ಪನ್ನೂ ನೋಡಿದ. "ಹ್ಞಾಂ! ಕಾರ್ಖಾನಿ ಉಪ್ಪಿನ ಚೀಲ ಎಲ್ಲಿ ಹೋತು ಅಂತ ಮಧ್ಯಾಹ್ನದಿಂದ ಹುಡುಕಾಕ ಹತ್ತೇನಿ!" ಎಂದು ಗೊಣಗುತ್ತ, ಮೀಸೆಯಲ್ಲೇ ನಕ್ಕು ಒಳಗೆ ಹೋದ.

ಕೃಷ್ಣವ್ವ ಹೊಸ್ತಿಲಿಗೆ ಬಂದಳು. "ಗಾಡಿ ನಿಂತಿತೇನು?"

"ನಿಲ್ಲಲಿಲ್ಲ. ತಿರುವು ದಾಟಿ ಮ್ಯಾಲ ಮುಟ್ಟಿತು."

"ಉಸಿರು...?"

"ಕೇಳಿತು. ಏರು ಮುಗಿದ ಮ್ಯಾಲ ಅವ್ವ ಒಮ್ಮೆ ಜೋರಾಗಿ ಉಸಿರು ಬಿಟ್ಲು. ಆಮ್ಯಾಲ ಸೀಟು ಹಗುರಾತು... ನಾ ಅಲ್ಲೇ ಕುಂತು ಅತ್ತೆ, ಅದಕ್ಕ ತಡಾ ಆತು." ಮೊದಲ ಬಾರಿ ಅವಳ ಮುಂದೆ ಅವನ ಕೆನ್ನೆಯ ಮೇಲೆ ನೀರು ಇಳಿಯಿತು. "ಇಳಿದು ಹೋಗೂಮುಂದ ಕಿವ್ಯಾಗ ಒಂದು ಮಾತು ಅಂದ್ಲು, ಕೃಷ್ಣವ್ವಾ. ನೀ ಅಂದದ್ದ ಅಂದ್ಲು."

"ಏನಂದ್ರು?"

"ಹೋಗಿ ಬಾ ಅಂದ್ಲು."

ಕೃಷ್ಣವ್ವ ಉಪ್ಪಾದ ಸೆರಗಿನಿಂದಲೇ ಅವನ ಕಣ್ಣೊರೆಸಿದಳು.

"ಬಂದಿರಲ್ಲ," ಅಂದಳು. "ಒಳಗ ಬರ್ರಿ."