ಅಜ್ಜಿ ಕೈಕೊಟ್ಟ ದಿನ

ಪಿಟೀಲು ಗಾಜಿನ ಪೆಟ್ಟಿಗೆಯೊಳಗೆ ಸಾಯುತ್ತಿತ್ತು. ಅದು ಮೇಷ್ಟ್ರಿಗೊಬ್ಬರಿಗೇ ಗೊತ್ತಿತ್ತು. ದಿನಾ ಬೆಳಗ್ಗೆ ಪ್ರಿನ್ಸಿಪಾಲರ ಕೋಣೆಯಲ್ಲಿ ಹಾಜರಿಗೆ ಸಹಿ ಹಾಕುವಾಗ ಅವರ ಕಣ್ಣು ಅದರ ಮೇಲೆ ಹೋಗುತ್ತಿತ್ತು. ಎರಡು ತಂತಿ ಸಡಿಲಾಗಿ ಜೋತುಬಿದ್ದಿದ್ದವು. ತಂತಿಗಳನ್ನು ಹೊರುವ ಕುದುರೆ ಒಂದು ಕಡೆಗೆ ವಾಲಿತ್ತು. ಮೇಲಿನಿಂದ ಹಗಲೆಲ್ಲ ಉರಿಯುವ ದೀಪದ ಕಾವಿಗೆ ಮೆರುಗು ಬಿರುಕು ಬಿಡುತ್ತಿತ್ತು.

ಗುರುಗಳು ಕೊನೆಯ ವರ್ಷ, ಕೈ ನಡುಗಿ ಕಮಾನು ನಿಲ್ಲದಂತಾದಾಗ, "ಇದು ನಿನಗೇ ಕಣೋ. ನನ್ನ ಮಗನಿಗೆ ತಂತಿಗೂ ಹಗ್ಗಕ್ಕೂ ವ್ಯತ್ಯಾಸ ಗೊತ್ತಿಲ್ಲ" ಅಂದಿದ್ದರು. ಬರೀ ಬಾಯಿಮಾತು. ಆಗ ಕೋಣೆಯಲ್ಲಿದ್ದವರು ಇಬ್ಬರೇ, ಅವರಲ್ಲಿ ಗುರುಗಳು ತೀರಿಹೋದರು. ಮಗ ಸಂಗೀತ ಶಾಲೆಯ ಪ್ರಿನ್ಸಿಪಾಲನಾದ, ಪಿಟೀಲು ಅವನ ಕುರ್ಚಿಯ ಹಿಂದೆ ಗಾಜಿನೊಳಗೆ ಕೂತಿತು.

ಒಮ್ಮೆ ಮೇಷ್ಟ್ರು ಧೈರ್ಯ ಮಾಡಿ ಕೇಳಿದ್ದರು. "ತಿಂಗಳಿಗೊಂದು ಸಲವಾದರೂ ಅದನ್ನ ನುಡಿಸಬೇಕು ಸಾರ್. ಇಲ್ಲದಿದ್ದರೆ ಮರ ಮೂಕಾಗುತ್ತೆ."

"ಅದು ನೋಡೋ ವಸ್ತು ಮೇಷ್ಟ್ರೇ, ಮುಟ್ಟೋ ವಸ್ತು ಅಲ್ಲ. ನೀವು ಮೊದಲು ನಿಮ್ಮ ಗಾಡಿ ನುಡಿಸಿಕೊಳ್ಳಿ!"

ಸಹಿ ಹಾಕಲು ನಿಂತಿದ್ದವರೆಲ್ಲ ನಕ್ಕರು. ಮೇಷ್ಟ್ರೂ ನಕ್ಕರು. ಆದರೆ ಆ ನಗು ಗಂಟಲಲ್ಲಿ ಮುಳ್ಳಿನ ಹಾಗೆ ಉಳಿದುಕೊಂಡಿತು. ಉಪಾಯ ಹುಟ್ಟಿದ್ದೂ ಅದರಿಂದಲೇ.

ಗಾಡಿ ಅಂದರೆ ಹದಿನೇಳು ವರ್ಷದ, ಮೂರು ಕೈ ದಾಟಿ ಬಂದ, ಬೂದು ಬಣ್ಣದ ಉದ್ದನೆಯ ಕಾರು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಅತ್ತೆ, ಅತ್ತೆಯ ದಿಂಬು ಎಲ್ಲ ಹಿಡಿಸುವ ಸಂಸಾರದ ಗಾಡಿ. ಎಡಗಡೆಯ ಹಿಂಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತಿತ್ತು. ಹ್ಯಾಂಡ್‌ಬ್ರೇಕು ಹೆಸರಿಗಷ್ಟೇ. ಎಲ್ಲಿ ನಿಲ್ಲಿಸಿದರೂ ಚಕ್ರಕ್ಕೊಂದು ಕಲ್ಲು ಕೊಡಬೇಕಿತ್ತು. ಮಕ್ಕಳು ಅದಕ್ಕೆ 'ಅಜ್ಜಿ' ಅಂತ ಹೆಸರಿಟ್ಟಿದ್ದರು. ಶಾಲೆಯಲ್ಲೂ ಅದೇ ಹೆಸರು ನಿಂತಿತ್ತು.

ಅಜ್ಜಿ ಎಲ್ಲಿ ಯಾವಾಗ ಕೂತುಬಿಡುತ್ತಾಳೋ ಯಾರಿಗೂ ಗೊತ್ತಿಲ್ಲ. ಹಾಗಿದ್ದ ಮೇಲೆ ಅವಳು ಕೂತ ಕಡೆಯೇ ಮೇಷ್ಟ್ರೂ ಇದ್ದರು ಅಂತ ಲೋಕ ನಂಬುತ್ತದೆ. ಇಷ್ಟೇ ಯೋಚನೆ. ಉಳಿದದ್ದೆಲ್ಲ ಅಭ್ಯಾಸ, ಮತ್ತು ಅಭ್ಯಾಸ ಅಂದರೆ ಏನು ಅನ್ನುವುದನ್ನು ಮೇಷ್ಟ್ರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಭಾನುವಾರ ಬೆಳಗ್ಗೆ ಅವರು ಮೆಕ್ಯಾನಿಕ್‌ನ ಶೆಡ್ಡಿಗೆ ಹೋಗತೊಡಗಿದರು. ಬ್ಯಾಟರಿಯ ತುದಿಗೆ ಕಟ್ಟಿದ ಬಿಳಿ ಪುಡಿಯನ್ನು ಬಿಸಿನೀರಲ್ಲಿ ತೊಳೆಯುವುದು, ಪ್ಲಗ್ಗು ಉಜ್ಜುವುದು, ರೇಡಿಯೇಟರಿನ ಪೈಪು ಅಮುಕಿ ಅದರ ವಯಸ್ಸು ಹೇಳುವುದು, ಆಯಿಲ್ ಕಡ್ಡಿ ಒರೆಸಿ ಬೆಳಕಿಗೆ ಹಿಡಿಯುವುದು, ಒಂದೊಂದೇ ಕಲಿತರು. ಕಿವಿ ಹೇಗೂ ಪಳಗಿತ್ತು. ಬೆಲ್ಟು ಕೀಚಲು ದನಿ ತೆಗೆದರೆ ಯಾವ ಕಡೆ ಸಡಿಲವೆಂದು ಕಣ್ಣು ಮುಚ್ಚಿ ಹೇಳುತ್ತಿದ್ದರು.

"ನಿಮ್ಮ ಕಿವಿ ನಂಗೆ ಕೊಟ್ಟುಬಿಡ್ರಿ ಮೇಷ್ಟ್ರೇ, ನನ್ನ ಸ್ಪ್ಯಾನರ್ ಪೆಟ್ಟಿಗೆ ನೀವಿಟ್ಕೊಳ್ಳಿ" ಅಂತ ಮೆಕ್ಯಾನಿಕ್ ನಗುತ್ತಿದ್ದ. ಐವತ್ತು ದಾಟಿದ, ಯಾವುದಕ್ಕೂ ಅವಸರಪಡದ ಮನುಷ್ಯ. ಫೋನು ಮಾಡಿದರೆ "ಅರ್ಧ ಗಂಟೆ" ಅನ್ನುತ್ತಿದ್ದ, ಬರುತ್ತಿದ್ದದ್ದು ಎರಡು ಗಂಟೆ ಬಿಟ್ಟು. ಆ ಎರಡು ಗಂಟೆಯೂ ಲೆಕ್ಕದಲ್ಲಿ ಸೇರಿತು.

ಒಂದು ಭಾನುವಾರ ಅವನು ಸ್ಟೀರಿಂಗಿನ ಕೆಳಗೆ ಟಾರ್ಚು ಬಿಟ್ಟು, ಬೆಂಕಿಪೊಟ್ಟಣದ ಅರ್ಧದಷ್ಟಿದ್ದ ಕರಿ ಡಬ್ಬಿಯೊಂದನ್ನು ತೋರಿಸಿದ. "ಎಂಜಿನ್ನಿಗೆ ಪೆಟ್ರೋಲ್ ದಬ್ಬೋ ಪಂಪಿಗೆ ಕರೆಂಟು ಕೊಡೋ ರಿಲೇ. ಕೂತಿರೋ ಜಾಗದಲ್ಲಿ ಲೂಸಾಗಿದೆ. ಇದು ಅಲ್ಲಾಡಿದ್ರೆ ಗಾಡಿ ಕೆಮ್ಮುತ್ತೆ, ಹತ್ತಲ್ಲ. ಬದಲಾಯಿಸಿಬಿಡೋಣ."

"ಮುಂದಿನ ತಿಂಗಳು ನೋಡೋಣ" ಅಂದರು ಮೇಷ್ಟ್ರು. ಆ ಡಬ್ಬಿಯನ್ನು ಬೆರಳಿನಿಂದ ಇನ್ನೊಮ್ಮೆ ಮುಟ್ಟಿ ನೋಡಿಕೊಂಡರು.

ಆಮೇಲಿನ ಮೂರು ತಿಂಗಳಲ್ಲಿ ಅಜ್ಜಿ ಐದು ಸಲ ಕೂತಳು. ಹೆಬ್ಬೆರಳಿನಿಂದ ರಿಲೇಯನ್ನು ಕೂದಲೆಳೆಯಷ್ಟು ಎತ್ತಿದರೆ ಸಾಕು. ತರಕಾರಿ ಮಾರುಕಟ್ಟೆಯ ಮುಂದೊಮ್ಮೆ, ಶಾಲೆಯ ಗೇಟಿನಲ್ಲಿ ಪ್ರಿನ್ಸಿಪಾಲರ ಕಾರಿಗೇ ಅಡ್ಡವಾಗಿ ಇನ್ನೊಮ್ಮೆ. "ಅಜ್ಜಿ ಇವತ್ತು ಎಲ್ಲಿ ಮಲಗಿದ್ದಾಳೆ ಮೇಷ್ಟ್ರೇ?" ಅನ್ನುವುದು ಹಾಜರಿಯಷ್ಟೇ ರೂಢಿಯಾಯಿತು. ನಿಜವೆಂದರೆ ಅಜ್ಜಿ ಅಷ್ಟು ಗಟ್ಟಿಮುಟ್ಟಾಗಿ ಹಿಂದೆಂದೂ ಇರಲಿಲ್ಲ. ಬೇಕೆಂದಾಗ ಮಾತ್ರ ಕೆಡುವ ಗಾಡಿ ಉಳಿದ ಹೊತ್ತೆಲ್ಲ ಕೆಡಬಾರದಲ್ಲ. ಹಾಗಾಗಿ ಪೈಪು, ಬೆಲ್ಟು, ಪ್ಲಗ್ಗು ಎಲ್ಲ ಹೊಸದಾಗಿದ್ದವು.

ಒಂದು ಸಲ ಮಾತ್ರ ಮನಸ್ಸು ಹಿಂದೇಟು ಹಾಕಿತು. ದೊಡ್ಡ ಮಗಳ ಓಟದ ಪಂದ್ಯದ ದಿನ, ಮೈದಾನಕ್ಕೆ ಎರಡು ಕಿಲೋಮೀಟರ್ ಇದೆ ಅನ್ನುವಾಗ, ಅವರು ಗಾಡಿ ನಿಲ್ಲಿಸಿದರು. ಮನೆಮಂದಿಯೇ ಸಾಕ್ಷಿಯಾದರೆ ಅದಕ್ಕಿಂತ ಇನ್ನೇನು ಬೇಕು? ಹುಡುಗಿ ನಂಬರಿನ ಚೀಟಿ ಎದೆಗೆ ಚುಚ್ಚಿಕೊಂಡು ರಸ್ತೆ ಬದಿ ಬಿಸಿಲಲ್ಲಿ ನಿಂತು ಅತ್ತಳು.

"ವಾರವೆಲ್ಲ ಇದರ ಕೆಳಗೇ ಬಿದ್ದಿರ್ತೀರಿ. ಆದರೂ ಯಾಕ್ರೀ ಹೀಗೆ?" ಅಂದಳು ಹೆಂಡತಿ. ಮೇಷ್ಟ್ರು ಬಾನೆಟ್ಟಿನೊಳಗೆ ತಲೆ ಹಾಕಿಕೊಂಡೇ ಇದ್ದರು. ಅವತ್ತಿನಿಂದ ನಿದ್ದೆ ಸರಿಯಾಗಿ ಹತ್ತಲಿಲ್ಲ. ಕೂತಲ್ಲಿ ಕಾಲು ಕುಣಿಯುತ್ತಿತ್ತು, ಬೆರಳು ಮೇಜಿನ ಅಂಚನ್ನು ತಂತಿಯೆಂದುಕೊಂಡು ಒತ್ತುತ್ತಿತ್ತು. ಬೇಗ ಮುಗಿಸಬೇಕು ಅನ್ನಿಸಿತು.

ಶಾಲೆಗೆ ಶಾಲೆಯೇ ಪಕ್ಕದ ಊರಿನ ಸ್ಪರ್ಧೆಗೆ ಬಸ್ಸಿನಲ್ಲಿ ಹೊರಟ ದಿನ ಮುಗಿಸುವುದೆಂದು ಗೊತ್ತುಮಾಡಿದರು. ತಾವು ತಮ್ಮ ಗಾಡಿಯಲ್ಲೇ ಬರುವುದಾಗಿ ಹೇಳಿದರು. ಬೆಳಗ್ಗೆ ಹನ್ನೊಂದಕ್ಕೆ ರೈಲು ಹಳಿಯ ಪಕ್ಕದ ರಸ್ತೆಯಲ್ಲಿ, ಇಸ್ತ್ರಿ ಅಂಗಡಿಯ ಎದುರು, ಅಜ್ಜಿ ಕೆಮ್ಮಿ ನಿಂತಳು. ಆ ಜಾಗವನ್ನು ಸುಮ್ಮನೆ ಆರಿಸಿದ್ದಲ್ಲ. ಅಲ್ಲಿಂದ ಶಾಲೆಗೆ ರಸ್ತೆಯಲ್ಲಿ ಮೂರು ಕಿಲೋಮೀಟರ್, ಹಳಿ ದಾಟುವ ಕಾಲುಸೇತುವೆ ಹತ್ತಿದರೆ ಹನ್ನೊಂದು ನಿಮಿಷ. ಅಂಗಡಿಯವನು ಇಸ್ತ್ರಿ ಮಾಡುವುದು ರಸ್ತೆಗೆ ಬೆನ್ನು ಹಾಕಿ.

ಮೊದಲು ಅವನ ಹತ್ತಿರ ಒಂದು ಚೊಂಬು ನೀರು ಕೇಳಿದರು. ಆಮೇಲೆ ಅವನಿಗೆ ಕೇಳಿಸುವಂತೆ ಮೆಕ್ಯಾನಿಕ್‌ಗೆ ಫೋನು ಮಾಡಿದರು. "ಅರ್ಧ ಗಂಟೆ ಮೇಷ್ಟ್ರೇ." ಕೊನೆಗೆ ಪ್ರಿನ್ಸಿಪಾಲರಿಗೆ.

"ಸಾರ್, ಅಜ್ಜಿ ಮತ್ತೆ ಕೈಕೊಟ್ಟಳು."

ಆ ಕಡೆ ಇಡೀ ಬಸ್ಸು ನಗುವುದು ಕೇಳಿಸಿತು.

"ತಲೆ ಸಿಡೀತಿದೆಯಪ್ಪ. ಹಿಂದಿನ ಸೀಟಲ್ಲಿ ಸ್ವಲ್ಪ ಮಲಗ್ತೀನಿ. ಮೆಕ್ಯಾನಿಕ್ ಬರೋವರೆಗೂ ಎಬ್ಬಿಸಬೇಡ" ಅಂದರು ಅಂಗಡಿಯವನಿಗೆ.

"ಮಲಗಿ ಸಾರ್, ನಾನಿದ್ದೀನಲ್ಲ" ಅಂದ ಅವನು. ಒಳ್ಳೆಯ ಮನುಷ್ಯ, ಒಳ್ಳೆಯ ಸಾಕ್ಷಿ.

ಹಿಂದಿನ ಕಿಟಕಿಗಳಿಗೂ ಹಿಂಬದಿಯ ಗಾಜಿಗೂ ಬಿಸಿಲು ತಡೆಯುವ ಕರಿ ಪರದೆ ಅಂಟಿಸಿದರು. ಕೀಲಿಯನ್ನು ಇದ್ದಲ್ಲೇ ಬಿಟ್ಟರು. ಗಾಡಿಯೊಳಗೆ ಮಲಗಿದವನು ಕೀಲಿ ಜೇಬಿಗೆ ಹಾಕಿಕೊಳ್ಳುವುದಿಲ್ಲ. ಫೋನನ್ನು ಸೀಟಿನ ಕೆಳಗೆ ತುರುಕಿದರು, ಅದು ಎಲ್ಲಿದೆಯೋ ತಾವೂ ಅಲ್ಲೇ. ಮೆಕ್ಯಾನಿಕ್‌ನ ಎಣ್ಣೆ ಮೆತ್ತಿದ ಹಳೇ ಖಾಕಿ ಅಂಗಿ ತೊಟ್ಟು, ಉದ್ದನೆಯ ಸಾಮಾನು ಚೀಲ ಹಿಡಿದು, ಹಳಿಯ ಕಡೆಯ ಬಾಗಿಲಿನಿಂದ ಇಳಿದರು. ಆ ಅಂಗಿಯೊಳಗಿನ ಮುಖವನ್ನು ಯಾರೂ ನೋಡುವುದಿಲ್ಲ. ಸೇತುವೆಯ ಮೇಲೆ ಎದುರಾದ ನಾಲ್ಕು ಜನರೂ ನೋಡಲಿಲ್ಲ.

ಶಾಲೆಯ ಹಿಂದಿನ ಗೇಟಿನ ಚಿಲಕ ಸರಿಯಾಗಿ ಕೂರುವುದಿಲ್ಲ. ಪೆಟ್ಟಿಗೆಯ ಕೀಲಿ ಪ್ರಿನ್ಸಿಪಾಲರ ಎರಡನೇ ಡ್ರಾಯರಿನಲ್ಲಿ. ಗಾಜು ತೆರೆದಾಗ ಹಳೇ ಮರದ, ರಾಳದ ವಾಸನೆ ಬಂತು. ಗುರುಗಳ ಕೋಣೆಯದೇ ವಾಸನೆ. ಬೇಡ ಬೇಡವೆಂದುಕೊಳ್ಳುತ್ತಲೇ ಒಂದು ತಂತಿಯನ್ನು ಹೆಬ್ಬೆರಳಿನಿಂದ ಮೀಟಿದರು. ಗಂಟಲು ಕಟ್ಟಿದವರ ದನಿಯಂತೆ ಅದು ಗೊರಗೊರ ಅಂದಿತು. ಕಣ್ಣಲ್ಲಿ ನೀರು ಬಂತು. "ನಡಿ, ಹೋಗೋಣ" ಅಂದರು, ಮನೆಯವರಿಗೆ ಹೇಳುವ ಹಾಗೆ.

ಸೇತುವೆಯ ಮೇಲಿನಿಂದ ಕೆಳಗೆ ನೋಡಿದರೆ ಇಸ್ತ್ರಿ ಅಂಗಡಿಯ ಮುಂದೆ ಗಾಡಿ ಇರಲಿಲ್ಲ.

ಸೇತುವೆಯ ಕಂಬಿ ಹಿಡಿದು ಬಗ್ಗಿ ರಸ್ತೆಯುದ್ದಕ್ಕೂ ಕಣ್ಣಾಡಿಸಿದರು. ಆಮೇಲೆ ಕಂಡಿತು. ಇಪ್ಪತ್ತು ಹೆಜ್ಜೆ ಆಚೆ, ದೊಡ್ಡ ಮರದ ನೆರಳಲ್ಲಿ, ಗೋಡೆಗೆ ಒತ್ತಿಕೊಂಡು ಅಜ್ಜಿ ನಿಂತಿದ್ದಳು. ಪರದೆಗಳು ಇದ್ದ ಹಾಗೇ ಇದ್ದವು, ಚಕ್ರಕ್ಕೆ ಕಲ್ಲೂ ಇತ್ತು. ಅಂಗಡಿಯವನ ಬೆನ್ನು ರಸ್ತೆಯ ಕಡೆಗೇ ಇತ್ತು. ಮೇಷ್ಟ್ರು ಗೋಡೆಯ ಬದಿಯಿಂದ ನುಸುಳಿ ಒಳಗೆ ಸೇರಿದರು. ಮೊದಲೇ ಸಡಿಲಿಸಿಟ್ಟಿದ್ದ ಸೀಟಿನ ಬೆನ್ನಿನ ಹಿಂದೆ ಪಿಟೀಲನ್ನೂ ಖಾಕಿ ಅಂಗಿಯನ್ನೂ ಇಳಿಸಿ, ಬೆನ್ನನ್ನು ಒತ್ತಿ ಕೂರಿಸಿ, ಅದೇ ಸೀಟಿನ ಮೇಲೆ ಮಲಗಿದರು. ಸ್ವಲ್ಪ ಹೊತ್ತು ಬಿಟ್ಟು ಆಕಳಿಸುತ್ತ ಇಳಿದರು.

"ನಿದ್ದೆ ಕೆಡಲಿಲ್ಲ ತಾನೆ ಸಾರ್?" ಅಂಗಡಿಯವನು ಹಲ್ಲು ಬಿಟ್ಟ. "ಬಿಸಿಲು ನೇರ ನಿಮ್ಮ ಮೇಲೇ ಬೀಳ್ತಿತ್ತು. ಬೆಂದುಹೋಗ್ತಾರಲ್ಲ ಅಂತ, ದಾರೀಲಿ ಹೋಗೋ ಇಬ್ಬರನ್ನ ಕರೆದು ಹಿಂದಿನಿಂದ ಮೆಲ್ಲಗೆ ತಳ್ಳಿಸಿದೆ. ಮಗು ತೊಟ್ಟಿಲು ತೂಗಿದ ಹಾಗೆ! ನೀವು ಮಿಸುಕಲೇ ಇಲ್ಲ."

ಮೇಷ್ಟ್ರಿಗೆ ಅವನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ತಾವಾಗಿ ಇಂಥ ಸಾಕ್ಷಿಯನ್ನು ಹೂಡಲು ಸಾಧ್ಯವಿರಲಿಲ್ಲ. ಮಧ್ಯಾಹ್ನ ಒಂದಕ್ಕೆ ಮೆಕ್ಯಾನಿಕ್ ಬಂದ, ಸ್ಟೀರಿಂಗಿನ ಕೆಳಗೆ ಕೈ ಹಾಕಿ ಒತ್ತಿದ, ಗಾಡಿ ಹತ್ತಿತು. "ಅವತ್ತೇ ಬದಲಾಯಿಸೋಣ ಅಂದ್ನಲ್ಲ" ಅಂತ ಬೈದ. ಬೈಗುಳವೂ ಇಂಪಾಗಿ ಕೇಳಿಸಿತು.

ಮರುದಿನ ಶಾಲೆಯಲ್ಲಿ ಹಾಹಾಕಾರ. ಬಂದ ಇನ್ಸ್‌ಪೆಕ್ಟರು ಮೆಲುದನಿಯವರು, ತಾವೂ ಹಳೇ ಗಾಡಿ ಸಾಕಿದವರು. ಎಲ್ಲರನ್ನೂ ವಿಚಾರಿಸಿದ ಹಾಗೆ ಮೇಷ್ಟ್ರನ್ನೂ ವಿಚಾರಿಸಿದರು. ಅರ್ಧ ಮಾತು ರೇಡಿಯೇಟರಿನ ಬಗ್ಗೆಯೇ ಆಯಿತು. ಪ್ರಿನ್ಸಿಪಾಲರೇ ಅಡ್ಡ ಬಾಯಿ ಹಾಕಿ, "ಅವರನ್ನ ಬಿಡಿ ಸಾರ್, ಅವರು ಪಾಪ ಬೀದಿಯಲ್ಲಿ ಬಿದ್ದಿದ್ರು" ಅಂದರು.

ಮೂರನೇ ದಿನ ಇಸ್ತ್ರಿ ಅಂಗಡಿಯವನ ಹೇಳಿಕೆಗೆ ಇನ್ಸ್‌ಪೆಕ್ಟರು ಹೊರಟಾಗ ಮೇಷ್ಟ್ರು ತಾವೇ ಗಾಡಿಯಲ್ಲಿ ಕರೆದೊಯ್ದರು. ಪಿಟೀಲು ಇನ್ನೂ ಸೀಟಿನ ಹಿಂದೆಯೇ ಇತ್ತು. ಮನೆಯಲ್ಲಿ ಇಬ್ಬರು ಮಕ್ಕಳು, ಅತ್ತೆ, ಎಲ್ಲ ಕಪಾಟೂ ಎಲ್ಲರದು. ಇದರಷ್ಟು ಕ್ಷೇಮದ ಜಾಗ ಬೇರೆಯಿರಲಿಲ್ಲ. ಗುಂಡಿ ಬಂದಲ್ಲೆಲ್ಲ ಅವರ ಬೆನ್ನಿಗೆ ಅದು ಉಸಿರಾಡಿದಂತಾಗುತ್ತಿತ್ತು.

"ಎಂಜಿನ್ ಸದ್ದು ಚೆನ್ನಾಗಿದೆಯಲ್ಲ ಮೇಷ್ಟ್ರೇ" ಅಂದರು ಇನ್ಸ್‌ಪೆಕ್ಟರು.

"ಅವಳ ಮನಸ್ಸು ಸಾರ್. ಇವತ್ತು ಖುಷಿಯಾಗಿದ್ದಾಳೆ."

ಅಂಗಡಿಯವನು ತೊಟ್ಟಿಲಿನ ಕತೆಯನ್ನು ಅಭಿನಯಿಸಿಯೇ ತೋರಿಸಿದ. ಇನ್ಸ್‌ಪೆಕ್ಟರು ನಕ್ಕು ಬರೆದುಕೊಂಡರು, ಅವನ ಸಹಿ ಹಾಕಿಸಿದರು. "ಇನ್ನೊಬ್ಬರ ಸಹಿ ಇದ್ದಿದ್ದರೆ ಪಟ್ಟಿಯಿಂದ ನಿಮ್ಮ ಹೆಸರು ಪೂರ್ತಿ ಹೊಡೆದುಹಾಕಬಹುದಿತ್ತು ಮೇಷ್ಟ್ರೇ" ಅಂದರು.

"ತಳ್ಳಿದವರು ದಾರಿಹೋಕರು ಸಾರ್, ಯಾರೋ ಏನೋ" ಅಂದ ಅಂಗಡಿಯವನು. "ಆದರೆ ಪೋಸ್ಟಮ್ಮ ಇದ್ದರಲ್ಲ. ಇನ್ನೇನು ಬರೋ ಹೊತ್ತು."

"ಕಾಯೋಣ ಸಾರ್" ಅಂದರು ಮೇಷ್ಟ್ರು ಧಾರಾಳವಾಗಿ. "ನನಗೇನೂ ಅವಸರ ಇಲ್ಲ."

ಐದು ನಿಮಿಷದಲ್ಲಿ ಸೈಕಲ್ಲಿನ ಗಂಟೆ ಕೇಳಿಸಿತು. ಅಂಚೆಯಾಕೆ ಇಳಿದು, ಬೆವರೊರೆಸಿಕೊಂಡು, ಕೇಳಿದ್ದಕ್ಕೆ ತಲೆಯಾಡಿಸಿದಳು. "ಹೌದು ಸಾರ್, ಅವತ್ತು ನಾನೂ ಸೇರ್ಕೊಂಡೆ. ಇವರು ಮೂವರೂ ಹಿಂದಿನಿಂದ ತಳ್ತೀವಿ ಅಂದ್ರು. ಸ್ಟೀರಿಂಗ್ ಹಿಡಿಯೋಕೆ ಒಬ್ಬರು ಬೇಕಲ್ಲ?" ಹಾಜರಿ ಪುಸ್ತಕದಷ್ಟು ಅಚ್ಚುಕಟ್ಟಾಗಿದ್ದ ಲೆಕ್ಕದಲ್ಲಿ ಸ್ಟೀರಿಂಗಿನ ಮುಂದಿನ ಆ ಒಂದು ಸೀಟು ಬಿಟ್ಟುಹೋಗಿತ್ತೆಂದು ಮೇಷ್ಟ್ರಿಗೆ ಆಗ ಹೊಳೆಯಿತು. ಆಕೆ ಮಾತ್ರ ಸಂಕೋಚದಿಂದ ನಗುತ್ತ ಮುಗಿಸಿದಳು: "ನಾನೇ ಒಳಗೆ ಕೂತು ತಿರುಗಿಸಿದೆ. ಬಾಯಿ ಮೇಲೆ ಬೆರಳಿಟ್ಟು 'ಸದ್ದು ಮಾಡಬೇಡಿ' ಅಂದ್ರು ಇವರು. ಖಾಲಿ ಗಾಡಿ ತಳ್ಳೋಕೆ ಇಷ್ಟು ಗುಟ್ಟು ಯಾಕಪ್ಪಾ ಅಂದ್ಕೊಂಡೆ. ನನ್ನ ಟಪಾಲು ಚೀಲಾನೂ ಹಿಂದಿನ ಸೀಟಿನ ಮೇಲೇ ಹಾಕಿದ್ದೆ."