ಸಕ್ಕರೆ ಏರಿಸದ ಆಪೂಸು

ಗುರುಸಿದ್ದಪ್ಪ ಎರಡನೆಯ ಮಾವಿನಹಣ್ಣಿನ ಗೊರಟವನ್ನೂ ಚೀಪಿ ಮುಗಿಸಿದರು. ತೋಳಿಗೆ ಅಂಟಿಸಿದ್ದ ಬಿಲ್ಲೆ ರಕ್ತದ ಸಕ್ಕರೆಯನ್ನು ಇನ್ನೂ ನೂರಾ ಹದಿನೆಂಟು ಎಂದೇ ತೋರಿಸುತ್ತಿತ್ತು. ಮಧುಮೇಹ ಬಂದ ಮೇಲೆ ಹತ್ತೊಂಬತ್ತು ವರ್ಷ ಆಪೂಸಿನ ವಾಸನೆಗಷ್ಟೇ ತೃಪ್ತಿಪಟ್ಟಿದ್ದ ಆ ಚಿತ್ರಕಲಾ ಮಾಸ್ತರರಿಗೆ ಕಣ್ಣು ತುಂಬಿ ಬಂತು.

“ಇದು ಹ್ಯಾಂಗ್ರಿ?”

ಧಾರವಾಡದ ಪ್ರಯೋಗಾಲಯದಲ್ಲಿ ಈ ತಳಿಯನ್ನು ಸೃಷ್ಟಿಸಿದ್ದ ಡಾ. ಶಾಹಿದಾ ವಿವರಿಸಿದರು. ಇದರ ಸಕ್ಕರೆಯ ಅಣು ಕನ್ನಡಿಯೊಳಗಿನ ಬಿಂಬದಂತೆ ಎಡಬಲ ತಿರುಗಿದೆ. ನಾಲಿಗೆ ಅದನ್ನು ಸಿಹಿಯೆಂದು ಗುರುತಿಸುತ್ತದೆ. ಕರುಳು ಮಾತ್ರ ಗುರುತಿಸದೆ ಸಾಗಹಾಕುತ್ತದೆ. ನಾರು, ಜೀವಸತ್ವಗಳಷ್ಟೇ ದೇಹಕ್ಕೆ ದಕ್ಕುತ್ತವೆ.

2055ರ ಆ ಬೇಸಿಗೆಯಲ್ಲಿ, ಪ್ರಯೋಗಕ್ಕೆ ಒಪ್ಪಿದ ಮಾಸ್ತರರಿಗೆ ಒಂದು ಬುಟ್ಟಿ ಹಣ್ಣು ಸಿಕ್ಕಿತು.

ಮೂರನೆಯ ದಿನ ಮಧ್ಯಾಹ್ನ ಅವರು ಎಂದಿನಂತೆ ಊಟದ ಸಕ್ಕರೆ ಇಳಿಸುವ ಇನ್ಸುಲಿನ್ ಚುಚ್ಚಿಕೊಂಡರು. ಊಟ ಬಿಟ್ಟು ಹಣ್ಣನ್ನೇ ಹೊಟ್ಟೆ ತುಂಬ ತಿಂದರು. ಸ್ವಲ್ಪ ಹೊತ್ತಿಗೆ ಮೈಯೆಲ್ಲ ಬೆವರತೊಡಗಿತು. ಬಿಲ್ಲೆಯಲ್ಲಿ ಐವತ್ತೆರಡು.

“ಸಕ್ಕರಿ ಇಳದೈತಿ. ಏನರ ಸೀ ತಿನ್ರಿ,” ಎಂದು ಹೆಂಡತಿ ನೀಲವ್ವ ಅದೇ ಹಣ್ಣನ್ನು ಹೆಚ್ಚಿ ಬಾಯಿಗಿಟ್ಟರು.

ಬಾಯಿತುಂಬ ಸಿಹಿ. ಬಿಲ್ಲೆಯಲ್ಲಿ ನಲವತ್ತಾರು. ಇನ್ನೊಂದು ಹೋಳು, ನಲವತ್ತೊಂದು. ತಿಂದರೂ ಇಳಿಯುತ್ತಿದೆಯಲ್ಲ! ಎದುರಿಗೆ ಕೂತವಳು ಯಾರು, ತಾನು ಅಗಿಯುತ್ತಿರುವುದು ಏನು ಎಂಬುದೇ ಅವರಿಗೆ ಹೊಳೆಯದಾಯಿತು.

ನೀಲವ್ವ ಶಾಹಿದಾಗೆ ಫೋನು ಹಚ್ಚಿದರು. “ಡಾಕ್ಟರ್ ಬಾಯಾರ, ಹಣ್ಣು ತಿನಸಾಕತ್ತೇನಿ, ಆದ್ರೂ ಇಳ್ಯಾಕತ್ತೈತಿ!”

“ಆ ಹಣ್ಣು ಬಿಡ್ರಿ! ಬೆಲ್ಲ, ಸಕ್ಕರಿ ಏನರ ಕೊಡ್ರಿ, ಲಗೂನ!”

ಮನೆಯಲ್ಲಿ ಎರಡೂ ಇರಲಿಲ್ಲ. ನೀಲವ್ವ ಪಕ್ಕದ ಮನೆಗೆ ಓಡಿದರು. ಬೆಲ್ಲದ ನೀರು ಗಂಟಲಿಗಿಳಿದು ಸ್ವಲ್ಪ ಹೊತ್ತಾದ ಮೇಲೆ ಮಾಸ್ತರರಿಗೆ ಹೆಂಡತಿಯ ಹೆಸರು ನೆನಪಾಯಿತು.

ಸಂಜೆ ಬಂದ ಶಾಹಿದಾ ಕುರ್ಚಿಯ ತುದಿಯಲ್ಲಿ ಕೂತರು. “ತಪ್ಪು ನಂದ ಐತ್ರಿ. ಊಟ ಬಿಡಬ್ಯಾಡ್ರಿ ಅಂತ ಹೇಳಬೇಕಿತ್ತು.”

“ನನಗ ತಿಳೀವಲ್ದವಾ,” ಎಂದರು ಗುರುಸಿದ್ದಪ್ಪ. “ಹತ್ತೊಂಬತ್ತು ವರ್ಷ ಹಣ್ಣಿನ್ಯಾಗಿನ ಸಕ್ಕರಿಗೆ ಅಂಜಿದೆ. ಇವತ್ತ ಅದಿಲ್ಲದ್ದಕ್ಕ ಸಾಯ್ತಿದ್ದೆ. ಹಂಗಾರ ಅದರಾಗ ಒಳ್ಳೇದು ಯಾವುದು, ಕೆಟ್ಟದ್ದು ಯಾವುದು?”

ಶಾಹಿದಾ ಬುಟ್ಟಿಯಲ್ಲಿ ಉಳಿದಿದ್ದ ಹಣ್ಣೊಂದನ್ನು ಕೈಗೆತ್ತಿಕೊಂಡರು.

“ನಾ ಸಣ್ಣಾಕಿದ್ದಾಗ ಮಂದಿ ಪ್ರತಿ ಹಣ್ಣಿಗೂ ಇದು ಆರೋಗ್ಯಕ್ಕ ಛಲೋನೋ ಅಂತ ಕೇಳತಿದ್ರು. ಯಾರಿಗೆ, ಯಾವಾಗ ಅಂತ ಯಾರೂ ಕೇಳತಿರಲಿಲ್ಲ. ಈ ಹಣ್ಣು ಮಾಡೋವಾಗ ನಾವೂ ಕೇಳಲಿಲ್ರಿ.”